ಹಳೇಬೀಡಿನ ‘ಳ’ ಲೋಕದ ಎಷ್ಟು ಭಾಷೆಗಳಲ್ಲಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುವುದು ನನ್ನ ಕೆಲಸ. ವರ್ಣಮಾಲೆಯ ಪಾಠ ಬಂದಾಗಲೆಲ್ಲ ಮಕ್ಕಳು ಕೈ ಎತ್ತುತ್ತಾರೆ. ಮನೆಗೆ ಹೋಗಿ ಅಪ್ಪ ಅಮ್ಮನನ್ನೂ ಕೇಳುತ್ತಾರೆ. ಮಾರನೇ ದಿನ ಅವರ ಪ್ರಶ್ನೆಗಳೂ ಜೊತೆಗೇ ಬರುತ್ತವೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ‘ದನಿ’ ಅಂದರೆ ಬಾಯಿಂದ ಹೊರಡುವ ಸದ್ದು, ಕಾಗದದ ಮೇಲಿನ ಅಕ್ಷರ ಅಲ್ಲ.

ಲೋಕದ ಎಲ್ಲ ಭಾಷೆಗಳಲ್ಲೂ ಇರುವ ದನಿ ಒಂದಾದರೂ ಇದೆಯಾ?

ಎಲ್ಲದರಲ್ಲೂ ಅಂತ ಗಟ್ಟಿಯಾಗಿ ಹೇಳುವಂಥ ವ್ಯಂಜನ ಒಂದೂ ಇಲ್ಲ. ಹತ್ತಿರ ಬರುವುದು ‘ಮ’. ಪಟ್ಟಿ ಮಾಡಿದ ಭಾಷೆಗಳಲ್ಲಿ ನೂರಕ್ಕೆ 96ರಲ್ಲಿ ಅದಿದೆ. ‘ಇ’ 92ರಲ್ಲಿ, ‘ಕ’ ಮತ್ತು ‘ಯ’ 90ರಲ್ಲಿ, ‘ಉ’ 88ರಲ್ಲಿ, ‘ಪ’ 86ರಲ್ಲಿ.

‘ಮ’ ಇಲ್ಲದ ಭಾಷೆಗಳು ಯಾವುವು ಅಂತ ಮಕ್ಕಳು ಬಿಡದೆ ಕೇಳುತ್ತಾರೆ. ಕೆಲವನ್ನು ಹೇಳುತ್ತೇನೆ. ಅಮೆರಿಕದ ವಾಯವ್ಯ ಕರಾವಳಿಯ ಕ್ವಿಲ್ಯೂಟ್ ಮತ್ತು ಮಕಾ ಭಾಷೆಗಳಲ್ಲಿ ಮೂಗಿನ ದನಿಗಳೇ ಇಲ್ಲ. ‘ಮ’ ಇಲ್ಲ, ‘ನ’ ಕೂಡ ಇಲ್ಲ. ಮೋಹಾಕ್ ಎಂಬ ಇನ್ನೊಂದು ಮೂಲನಿವಾಸಿ ಭಾಷೆಯಲ್ಲಿ ತುಟಿ ಮುಚ್ಚಿ ಹೇಳುವ ಪ, ಬ, ಮ ಮೂರೂ ಇಲ್ಲ. ಹೊರಗಿಂದ ಬಂದ ಪದಗಳಲ್ಲಿ ಮಾತ್ರ ಅವು ಕಾಣುತ್ತವೆ. ತುಟಿಗೆ ತುಟಿ ತಾಕಿಸದೆ ದಿನವಿಡೀ ಮಾತಾಡಬಹುದು ಅನ್ನುವುದು ನನಗೆ ಇವತ್ತಿಗೂ ಬೆರಗು.

ಈ ಲೆಕ್ಕ ಇಟ್ಟವರು ಯಾರು? ನಂಬಬಹುದಾ?

ಮೊದಲ ದೊಡ್ಡ ಕೆಲಸ ಇಯಾನ್ ಮ್ಯಾಡಿಸನ್ ಎಂಬ ಭಾಷಾವಿಜ್ಞಾನಿಯದು. 1984ರಲ್ಲಿ ಅವರು 317 ಭಾಷೆಗಳ ದನಿಪಟ್ಟಿ ಹೊರತಂದರು. ಆಮೇಲೆ ಅದು 451 ಭಾಷೆಗಳಿಗೆ ಬೆಳೆಯಿತು. ಈಗ ಎಲ್ಲರೂ ನೋಡುವುದು ‘ಫೋಯ್ಬಲ್’ ಎಂಬ ಸಂಗ್ರಹವನ್ನು. 2019ರ ಆವೃತ್ತಿಯಲ್ಲಿ 2186 ಭಾಷೆಗಳಿಂದ ಬಂದ 3020 ಪಟ್ಟಿಗಳಿವೆ. ನಾನು ಇಲ್ಲಿ ಕೊಡುವ ‘ನೂರಕ್ಕೆ ಇಷ್ಟು’ ಎಲ್ಲ ಅದರದೇ.

ನಂಬಬಹುದು, ಆದರೆ ಎರಡು ವಿಷಯ ನೆನಪಿರಲಿ. ಇದು ಭಾಷೆಗಳ ಲೆಕ್ಕ, ಜನರ ಲೆಕ್ಕ ಅಲ್ಲ. ಕೋಟಿಗಟ್ಟಲೆ ಜನ ಆಡುವ ಹಿಂದಿಗೂ ಸಾವಿರಾರು ಜನ ಆಡುವ ಭಾಷೆಗೂ ಇಲ್ಲಿ ಒಂದೇ ತೂಕ. ಇನ್ನೊಂದು, ಹಲ್ಲಿಗೆ ನಾಲಿಗೆ ತಾಕಿಸಿ ಹೇಳುವ ನಮ್ಮ ‘ತ’ ಬೇರೆ, ಹಲ್ಲಿನ ಹಿಂದಿನ ವಸಡಿಗೆ ತಾಕಿಸುವ ಇಂಗ್ಲಿಷಿನ ‘ಟ’ ಬೇರೆ ಅಂತ ಈ ಪಟ್ಟಿ ಎಣಿಸುತ್ತದೆ. ಹಾಗಾಗಿ ಇಂಗ್ಲಿಷಿನ ಆ ದನಿಗೆ 68 ಅಂತಷ್ಟೇ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಸೇರಿಸಿದರೆ ಅದು ‘ಮ’ದ ಪಕ್ಕಕ್ಕೇ ಬಂದು ನಿಲ್ಲುತ್ತದೆ.

ನಮ್ಮ ಟ, ಣ, ಳ ಎಲ್ಲರ ಬಾಯಲ್ಲೂ ಇಲ್ಲವಾ?

ಇಲ್ಲ. ನಾವು ಬೆಳಗಾದರೆ ಬಳಸುವ ‘ಟ’ ಇರುವುದು ನೂರಕ್ಕೆ 16 ಪಟ್ಟಿಗಳಲ್ಲಿ. ‘ಣ’ 13ರಲ್ಲಿ. ‘ಳ’ ಅದಕ್ಕೂ ಕಡಿಮೆ. ನಾಲಿಗೆಯ ತುದಿಯನ್ನು ಮೇಲಕ್ಕೆ ಸುರುಳಿ ಮಾಡಿ ಅಂಗುಳಕ್ಕೆ ತಾಕಿಸುವ ಈ ದನಿಗಳಿಗೆ ಲೋಕದಲ್ಲಿ ಎರಡು ದೊಡ್ಡ ತವರು. ಒಂದು ನಮ್ಮ ದೇಶ, ಇನ್ನೊಂದು ಆಸ್ಟ್ರೇಲಿಯಾದ ಮೂಲನಿವಾಸಿಗಳ ಭಾಷೆಗಳು.

ಈಗ ನಮ್ಮ ಜಿಲ್ಲೆಯ ಊರುಗಳ ಹೆಸರು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಬೇಲೂರಿನಲ್ಲಿ ‘ಲ’, ಹಳೇಬೀಡಿನಲ್ಲಿ ‘ಳ’. ಶ್ರವಣಬೆಳಗೊಳದಲ್ಲಿ ಒಂದು ‘ಣ’, ಎರಡು ‘ಳ’. ಚನ್ನರಾಯಪಟ್ಟಣದಲ್ಲಿ ‘ಟ್ಟ’ ಮುಗಿದ ಕೂಡಲೇ ‘ಣ’. ಹೊರದೇಶದ ಪ್ರವಾಸಿಗರು ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ‘ಹಲೆಬಿಡ್’ ಬಸ್ ಯಾವುದು ಅಂತ ಕೇಳಿದಾಗ ಯಾರೂ ನಗಬೇಡಿ. ಅವರ ನಾಲಿಗೆಗೆ ಆ ಜಾಗವೇ ಗೊತ್ತಿಲ್ಲ.

ಇದನ್ನು ನಾನು ತೀರಾ ಹತ್ತಿರದಿಂದ ನೋಡಿದ್ದು ಮೂಡಿಗೆರೆ ಕಡೆಯ ನೆಂಟರ ತೋಟದಲ್ಲಿ. ಕಾಫಿ ಕೊಯ್ಲಿನ ಕಾಲ. ಅಸ್ಸಾಮಿನಿಂದ ಬಂದ ಹೆಂಗಸೊಬ್ಬಳು ಕಣದಲ್ಲಿ ಹಣ್ಣು ಹರವುತ್ತಿದ್ದಳು. ಬಂದು ಎರಡು ವರ್ಷಕ್ಕೇ ಚೆನ್ನಾಗಿ ಕನ್ನಡ ಕಲಿತಿದ್ದಳು. ‘ಹನ್ನು ಒನಗಿದೆ ಅಕ್ಕಾ’ ಅಂದಳು. ನಾನು ‘ಹಣ್ಣು’ ಅಂದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಾ ‘ಹನ್ನು’ ಅಂದಳು. ಮತ್ತೆ ಹೇಳಿದೆ. ಮತ್ತೆ ಅದೇ. ಆಮೇಲೆ ತಿಳಿಯಿತು, ನಾನು ಹೇಳುವ ಎರಡು ಮೂಗಿನ ದನಿಗಳು ಅವಳ ಕಿವಿಗೆ ಒಂದೇ ಆಗಿ ಕೇಳುತ್ತಿವೆ ಅಂತ. ಅಸ್ಸಾಮಿ ಬರವಣಿಗೆಯಲ್ಲಿ ಎರಡಕ್ಕೂ ಬೇರೆ ಬೇರೆ ಅಕ್ಷರ ಇದೆ, ಮಾತಿನಲ್ಲಿ ಮಾತ್ರ ಇಲ್ಲ. ‘ತ’ ಮತ್ತು ‘ಟ’ ಕೂಡ ಅಲ್ಲಿ ಒಂದಾಗಿ ಹೋಗಿವೆ. ಇಂಡಿಯಾದ ದೊಡ್ಡ ಭಾಷೆಗಳಲ್ಲಿ ಹೀಗೆ ಆಗಿರುವುದು ತುಂಬಾ ಅಪರೂಪ.

ಅವಳಿಗೆ ‘ಹಲ್ಲಿ’ ಮತ್ತು ‘ಹಳ್ಳಿ’ ಹೇಳಿಕೊಟ್ಟೆ. ಗೋಡೆ ತೋರಿಸಿ ಒಂದು, ದೂರದ ಊರು ತೋರಿಸಿ ಇನ್ನೊಂದು. ಸಂಜೆ ಹೊತ್ತಿಗೆ ಬಾಯಿಗೆ ಬರದಿದ್ದರೂ ಕಿವಿಗೆ ಬಂತು. ಯಾವುದು ಯಾವುದೆಂದು ಬೆರಳು ಮಾಡಿ ತೋರಿಸುತ್ತಿದ್ದಳು. ಕಿವಿ ಮೊದಲು ಕಲಿಯುತ್ತದೆ, ನಾಲಿಗೆ ಆಮೇಲೆ.

ಒಟ್ಟು ಎಷ್ಟು ದನಿ ಇದ್ದರೆ ಒಂದು ಭಾಷೆ ನಡೆಯುತ್ತದೆ?

ಹನ್ನೊಂದು ಸಾಕು. ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪದ ರೊಟೊಕಾಸ್ ಭಾಷೆಯಲ್ಲಿ ಆರು ವ್ಯಂಜನ, ಐದು ಸ್ವರ. ಅಷ್ಟರಲ್ಲೇ ಬದುಕಿನ ಎಲ್ಲ ಮಾತೂ ಆಗುತ್ತದೆ. ಇನ್ನೊಂದು ತುದಿಯಲ್ಲಿ ಬೋಟ್ಸ್ವಾನಾ ಮತ್ತು ನಮೀಬಿಯಾದ ತಾ ಭಾಷೆ ಇದೆ. ಅಲ್ಲಿ ನೂರಕ್ಕೂ ಜಾಸ್ತಿ ವ್ಯಂಜನ ಎಣಿಸಿದವರಿದ್ದಾರೆ. ಸರಾಸರಿ ತೆಗೆದರೆ ಒಂದು ಭಾಷೆಗೆ 22, 23 ವ್ಯಂಜನ. ನಮ್ಮ ವರ್ಣಮಾಲೆಯ 34ರಲ್ಲಿ ಮಹಾಪ್ರಾಣಗಳನ್ನು ಬಿಟ್ಟು ದಿನದ ಮಾತನ್ನು ಎಣಿಸಿದರೆ ಕನ್ನಡ ಹೆಚ್ಚುಕಮ್ಮಿ ಆ ಸರಾಸರಿಯ ಹತ್ತಿರವೇ ಇರುತ್ತದೆ.

ದನಿ ಕಡಿಮೆ ಇರುವ ಭಾಷೆಗೆ ಹೊರಗಿನ ಪದ ಬಂದರೆ ಅದು ಪೂರ್ತಿ ವೇಷ ಬದಲಿಸುತ್ತದೆ. ಹವಾಯಿ ಭಾಷೆಯಲ್ಲಿ ಎಂಟೇ ವ್ಯಂಜನ. ‘ಸ’ ಇಲ್ಲ, ‘ರ’ ಇಲ್ಲ. ‘ಮೆರ್ರಿ ಕ್ರಿಸ್ಮಸ್’ ಅಲ್ಲಿ ‘ಮೆಲೆ ಕಲಿಕಿಮಕಾ’ ಆಗಿದೆ. ‘ಸ’ ಇರುವ ಕಡೆ ಅವರು ‘ಕ’ ಹಾಕುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಹಾಸನ ಅವರ ಬಾಯಲ್ಲಿ ‘ಹಾಕನ’ ಆಗಬೇಕು.

ಸ್ವರಗಳ ಕಥೆ ಏನು?

ಲೋಕದಲ್ಲಿ ಅತಿ ಹೆಚ್ಚು ಭಾಷೆಗಳು ನೆಚ್ಚಿಕೊಂಡಿರುವುದು ಅ, ಇ, ಉ, ಎ, ಒ ಎಂಬ ಐದನ್ನೇ. ಈ ವಿಷಯದಲ್ಲಿ ನಾವು ದೊಡ್ಡ ಗುಂಪಿನವರು. ‘ಇ’, ‘ಉ’, ‘ಆ’ ಮೂರೂ ಬಾಯಿಯ ಮೂರು ಮೂಲೆಗಳಿದ್ದ ಹಾಗೆ. ಒಂದನ್ನು ಇನ್ನೊಂದು ಅಂತ ಕಿವಿ ತಪ್ಪು ತಿಳಿಯುವುದು ಕಷ್ಟ. ಹಾಗಾಗಿ ಬೇರೆ ಸ್ವರ ಇಲ್ಲದಿದ್ದರೂ ಸಾಮಾನ್ಯವಾಗಿ ಇವು ಇರುತ್ತವೆ.

ನಮ್ಮಲ್ಲಿ ಇದರ ಮೇಲೆ ಉದ್ದ, ಗಿಡ್ಡ ಬೇರೆ ಇದೆ. ‘ಕೆರೆ’ಯಲ್ಲಿ ನೀರಿರುತ್ತದೆ, ‘ಕೇರೆ’ ಹಾವು. ‘ಕೊಡು’ ಬೇರೆ, ‘ಕೋಡು’ ಬೇರೆ. ಸಂಸ್ಕೃತದಲ್ಲಿ ಗಿಡ್ಡ ಎ, ಒ ಇರಲಿಲ್ಲ. ನಾಗರಿಯಲ್ಲಿ ‘ಕೆರೆ’ ಬರೆಯಲು ಹೋದವರಿಗೆ ಕಷ್ಟ ಆಗುವುದು ಇದಕ್ಕೇ.

ತುಳು ಮನೆಮಾತಿನವರು ಮೂಡಿಗೆರೆ, ಕೊಪ್ಪದ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರ ಮಾತಿನ ಕೊನೆಯಲ್ಲಿ ತುಟಿ ದುಂಡಗೆ ಮಾಡದೆ ಬರುವ ಒಂದು ಅರ್ಧ ‘ಉ’ ಕೇಳಿದ್ದೀರಾ? ಅದು ಕನ್ನಡದಲ್ಲಿ ಇಲ್ಲದ ಸ್ವರ. ಮುಂದಿನ ಸಲ ಕಿವಿಗೊಟ್ಟು ಕೇಳಿ.

ಮಹಾಪ್ರಾಣ ಸರಿಯಾಗಿ ಬರಲ್ಲ ಅಂತ ಮಗನಿಗೆ ಮಾರ್ಕ್ಸ್ ಕಳೆದಿದ್ದಾರೆ. ಅದು ಅಷ್ಟು ಮುಖ್ಯವಾ?

ಬರೆಯುವಾಗ ಮುಖ್ಯ. ಕಾಗುಣಿತ ಕಾಗುಣಿತವೇ. ಆದರೆ ಮಾತಿನಲ್ಲಿ ‘ಭೂಮಿ’ಯನ್ನು ‘ಬೂಮಿ’ ಅನ್ನುವವರು ನಮ್ಮಲ್ಲಿ ತುಂಬಾ ಜನ. ‘ಖ’, ‘ಫ’ದಂಥ ಉಸಿರು ಸೇರಿದ ದನಿಗಳು ಬೇರೆ ಕಡೆಯೂ ಸಿಗುತ್ತವೆ. ಘ, ಧ, ಭ ಮಾತ್ರ ಲೋಕದಲ್ಲೇ ಕಡಿಮೆ, ಬಹುಪಾಲು ನಮ್ಮ ದೇಶದ ಸುತ್ತಮುತ್ತಲೇ ಇವೆ. ಕನ್ನಡಕ್ಕೆ ಅವು ಬಂದದ್ದು ಸಂಸ್ಕೃತ, ಪ್ರಾಕೃತದ ಪದಗಳ ಜೊತೆಗೆ. ಅಚ್ಚಗನ್ನಡ ಪದಗಳಲ್ಲಿ ಅವು ಸಿಗುವುದು ತೀರಾ ಕಡಿಮೆ.

‘ಹ’ ಬಿಟ್ಟು ‘ಆಸನ’, ‘ಆಲು’, ‘ಓಗು’ ಅನ್ನುವುದು ತಪ್ಪಲ್ವಾ?

ಈ ಪ್ರಶ್ನೆಗೆ ನಾನು ನಿಧಾನವಾಗಿ ಉತ್ತರ ಕೊಡುತ್ತೇನೆ. ಇದು ನಮ್ಮ ಮನೆಯ ವಿಷಯವೂ ಹೌದು.

ನಮ್ಮಪ್ಪ ಅರಕಲಗೂಡು ಕಡೆಯ ಹಳ್ಳಿಯವರು. ಅವರು ಪ್ರೈಮರಿ ಶಾಲೆಯಲ್ಲಿದ್ದಾಗ ಎದ್ದು ನಿಂತು ‘ಅಸು ಆಲು ಕೊಡುತ್ತದೆ’ ಅಂತ ಓದಿದರು. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಇಡೀ ತರಗತಿ ನಕ್ಕಿತು. ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಬ್ಯಾಂಕಿಗೆ ಹೋದರೆ ಇವತ್ತಿಗೂ ಬಾಯಿ ತೆರೆಯುವ ಮುಂಚೆ ಒಂದು ಗಳಿಗೆ ತಡೆಯುತ್ತಾರೆ. ‘ಹ’ ಎಲ್ಲಿ ಬರಬೇಕು ಅಂತ ಮನಸ್ಸಿನಲ್ಲೇ ನೋಡಿಕೊಳ್ಳುತ್ತಾರೆ. ಕೆಲವು ಸಲ ಬೇಡದ ಕಡೆ ಹಾಕಿಬಿಡುತ್ತಾರೆ. ‘ಅಕ್ಕಿ’ ತರಲು ಹೋಗಿ ‘ಹಕ್ಕಿ’ ಕೇಳುತ್ತಾರೆ.

ಈಗ ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಬನ್ನಿ. ಸುಮಾರು ಕ್ರಿ.ಶ. 450ರದ್ದು ಎನ್ನುವ ಕನ್ನಡ ಶಾಸನ ಸಿಕ್ಕಿದ್ದು ಈ ಊರಿನಲ್ಲೇ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಊರಿನಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ. ಆ ಶಾಸನದಲ್ಲಿ ಊರಿನ ಹೆಸರು ಏನಂತ ಇದೆ ಗೊತ್ತಾ? ‘ಪಲ್ಮಿಡಿ’. ‘ಹ’ ಅಲ್ಲ, ‘ಪ’.

ಹಳೆಗನ್ನಡದಲ್ಲಿ ‘ಪಾಲ್’, ‘ಪುಲಿ’, ‘ಪೂ’, ‘ಪತ್ತು’, ‘ಪೋಗು’ ಇದ್ದವು. ತಮಿಳಿನಲ್ಲಿ ಈಗಲೂ ಪಾಲ್, ಪುಲಿ, ಪತ್ತು. ತುಳುವಿನಲ್ಲಿ ಹುಲಿ ‘ಪಿಲಿ’. ಕನ್ನಡದಲ್ಲಿ ಮಾತ್ರ ಹತ್ತನೇ ಶತಮಾನದ ಹೊತ್ತಿಗೆ ‘ಪ’ ಸಡಿಲವಾಗಿ ‘ಹ’ ಆಗತೊಡಗಿತು. ಹೊಯ್ಸಳರ ಕಾಲ ಮುಗಿಯುವ ಹೊತ್ತಿಗೆ ‘ಹ’ ಗೆದ್ದಿತ್ತು. ಪಳ್ಳಿ ಹಳ್ಳಿ ಆಯಿತು, ಪಲ್ಮಿಡಿ ಹಲ್ಮಿಡಿ ಆಯಿತು. ಸಂಸ್ಕೃತದಿಂದ ಬಂದ ‘ಪಶು’ ಕೂಡ ಪಸು ಆಗಿ, ಹಸು ಆಯಿತು. ಅಪ್ಪನ ‘ಅಸು’ ಅದರ ಮುಂದಿನ ಹೆಜ್ಜೆ. ಪಸು, ಹಸು, ಅಸು. ‘ಪ’ ಹೇಳುವ ಹಿರಿಯರ ಕಿವಿಗೆ ಒಂದು ಕಾಲದಲ್ಲಿ ‘ಹಾಲು’ ಕೂಡ ಹೀಗೇ ವಿಚಿತ್ರವಾಗಿ ಕೇಳಿಸಿರಬೇಕು.

ಇದು ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ. ಜಪಾನಿ ಭಾಷೆಯಲ್ಲಿ ಅಮ್ಮನಿಗೆ ‘ಹಹ’ ಅನ್ನುತ್ತಾರೆ. ಹಿಂದೆ ಅದು ‘ಪಪ’ ಆಗಿತ್ತು. ಸಂಸ್ಕೃತದ ‘ಪಿತೃ’, ಲ್ಯಾಟಿನ್ನಿನ ‘ಪಾತೆರ್’ ಇವುಗಳ ನೆಂಟ ಪದ ಆರ್ಮೇನಿಯನ್ ಭಾಷೆಯಲ್ಲಿ ‘ಹ’ದಿಂದ ಶುರುವಾಗುತ್ತದೆ. ಐರಿಷ್ ಭಾಷೆಯಲ್ಲಿ ಆ ‘ಪ’ ಪೂರ್ತಿ ಬಿದ್ದುಹೋಗಿ ಸ್ವರದಿಂದಲೇ ಶುರುವಾಗುತ್ತದೆ. ನಮ್ಮಪ್ಪನ ‘ಆಲು’ ಹಿಡಿದಿರುವುದು ಅದೇ ದಾರಿ.

‘ಹ’ ಇರುವುದೇ ನೂರಕ್ಕೆ 56ರಲ್ಲಿ. ಫ್ರೆಂಚರು ಅದನ್ನು ಬಿಟ್ಟು ಶತಮಾನಗಳೇ ಕಳೆದಿವೆ, ಅವರನ್ನು ಯಾರೂ ಬೆಂಚಿನ ಮೇಲೆ ನಿಲ್ಲಿಸಿಲ್ಲ. ಹಾಗಾಗಿ ನನ್ನ ತರಗತಿಯಲ್ಲಿ ಬರೆಯುವಾಗ ‘ಹಾಲು’ ಅಂತಲೇ ತಿದ್ದುತ್ತೇನೆ. ಮಗು ಮಾತಾಡುವಾಗ ‘ಆಲು’ ಅಂದರೆ ಸುಮ್ನೆ ಕೇಳಿಸಿಕೊಳ್ಳುತ್ತೇನೆ. ‘ಅಕ್ಕಿ ಆರೋಯ್ತು’ ಅಂದರೆ ಹಾರಿದ್ದು ಯಾವುದು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಕಾಫಿನಾ, ಕಾಪಿನಾ?

ಕಾಫಿ ಬೆಳೆಯುವ ನಮ್ಮೂರುಗಳಲ್ಲೇ ಅರ್ಧ ಜನ ‘ಕಾಪಿ’ ಅನ್ನುತ್ತಾರೆ. ಎರಡೂ ಸರಿ. ಕೆಳತುಟಿಯನ್ನು ಮೇಲಿನ ಹಲ್ಲಿಗೆ ತಾಕಿಸಿ ಊದುವ ಈ ದನಿ ಮೊದಲಿಂದ ಕನ್ನಡದ್ದಲ್ಲ. ನಾವು ಅದಕ್ಕೆ ‘ಫ’ ಅಕ್ಷರವನ್ನೇ ಬಳಸುತ್ತಿದ್ದೇವೆ. ಲೋಕದಲ್ಲಿ ಅದು ನೂರಕ್ಕೆ 44ರಲ್ಲಿ ಇದೆ.

ಈ ಪದ ನಡೆದ ದಾರಿಯೇ ದನಿಗಳ ಪಾಠ. ಬಾಬಾ ಬುಡನ್ ಅವರು ಯೆಮೆನ್ನಿನ ಮೋಕಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಅಂತ ಹೇಳುತ್ತಾರಲ್ಲ, ಆ ನಾಡಿನ ಅರಬ್ಬಿ ಮಾತಿನಲ್ಲಿ ಅದು ‘ಕಹ್ವ’. ತುರ್ಕಿಯವರು ‘ಕಹ್ವೆ’ ಮಾಡಿದರು. ಯುರೋಪಿಗೆ ಹೋಗಿ ‘ಹ್ವ’ ಎರಡೂ ಸೇರಿ ‘ಫ’ ಆಯಿತು. ನಮ್ಮ ಬಾಯಿಗೆ ಬಂದು ‘ಪ’ ಆಯಿತು. ಹುಟ್ಟೂರಿನ ಅರಬ್ಬಿಯಲ್ಲಿ ‘ಪ’ ದನಿಯೇ ಇಲ್ಲ!

2019ರಲ್ಲಿ ಡಾಮಿಯನ್ ಬ್ಲಾಸಿ ಎಂಬ ಭಾಷಾವಿಜ್ಞಾನಿ ಮತ್ತು ಜೊತೆಗಾರರು ಒಂದು ವಾದ ಮುಂದಿಟ್ಟರು. ಬೇಸಾಯ ಬಂದು ಬೇಯಿಸಿದ ಮೆತ್ತಗಿನ ಊಟ ಹೆಚ್ಚಾದ ಮೇಲೆ ದೊಡ್ಡವರಾದರೂ ಮೇಲಿನ ಹಲ್ಲು ಸ್ವಲ್ಪ ಮುಂದೆ ಉಳಿಯಿತು, ಅದರಿಂದ ತುಟಿ–ಹಲ್ಲಿನ ದನಿಗಳು ಹೇಳಲು ಸುಲಭವಾದವು ಅನ್ನುವುದು ಅದು. ಎಲ್ಲರೂ ಒಪ್ಪಿಲ್ಲ. ಆದರೂ ಮುದ್ದೆ ನುಂಗುವಾಗ ನನಗೆ ಇದು ನೆನಪಾಗುತ್ತದೆ.

ಕೆಲವು ದನಿ ಜಾಸ್ತಿ, ಕೆಲವು ಕಡಿಮೆ, ಯಾಕೆ ಹೀಗೆ?

ಎರಡು ಎಳೆತ ಇವೆ. ಹೇಳುವವರಿಗೆ ಸುಲಭ ಆಗಬೇಕು, ಕೇಳುವವರಿಗೆ ಸ್ಪಷ್ಟ ಆಗಬೇಕು. ‘ಮ’ ಎರಡರಲ್ಲೂ ಗೆಲ್ಲುತ್ತದೆ. ತುಟಿ ಮುಚ್ಚಿ ಮೂಗಿನಲ್ಲಿ ಸದ್ದು ಬಿಟ್ಟರೆ ಆಯಿತು.

‘ಪ’ ಯಾಕೆ ಅಷ್ಟು ಕಡೆ ಬಿದ್ದುಹೋಯಿತು ಅಂತ ತಿಳಿಯಬೇಕಾದರೆ ‘ಪ’, ‘ಟ’, ‘ಕ’ ಮೂರನ್ನೂ ಪಿಸುಮಾತಿನಲ್ಲಿ ಹೇಳಿ. ‘ಪ’ ಎಲ್ಲಕ್ಕಿಂತ ಮೆಲ್ಲಗೆ ಕೇಳುತ್ತದೆ. ತುಟಿಯಾಚೆ ಸದ್ದನ್ನು ಗುಂಯ್‌ಗುಡಿಸಲು ಬಾಯಿಯ ಜಾಗವೇ ಉಳಿದಿರುವುದಿಲ್ಲ. ‘ಗ’ದ ಕಷ್ಟ ಬೇರೆ. ಗಂಟಲಿನ ಕಂಪನ ನಡೆಯಲು ಉಸಿರಿಗೆ ಒಳಗೆ ಜಾಗ ಬೇಕು. ‘ಬ’ ಹೇಳುವಾಗ ಇಡೀ ಬಾಯಿ ಇದೆ. ‘ಗ’ ಹೇಳುವಾಗ ನಾಲಿಗೆಯ ಹಿಂಭಾಗ ಮುಚ್ಚಿರುವುದರಿಂದ ಜಾಗ ಚಿಕ್ಕದು, ಬೇಗ ತುಂಬಿಬಿಡುತ್ತದೆ. ಹಾಗಾಗಿ ‘ಬ’ 63ರಲ್ಲಿ, ‘ಗ’ 57ರಲ್ಲಿ. ಥಾಯ್ ಭಾಷೆಯಲ್ಲಿ ‘ಬ’, ‘ದ’ ಇವೆ, ‘ಗ’ ಇಲ್ಲ.

ಮಳೆಯ ‘ಳ’ ಮತ್ತು ಬೆಳೆಯ ‘ಳ’ ಹಿಂದೆ ಬೇರೆ ಬೇರೆ ಆಗಿದ್ದವಂತೆ, ಹೌದಾ?

ಹೌದು. ಮಳೆ ಹಿಂದೆ ‘ಮೞೆ’, ಬಾಳೆ ‘ಬಾೞೆ’, ಏಳು ‘ಏೞು’. ಈ ‘ೞ’ ಕನ್ನಡದಿಂದ ಮರೆಯಾಗಿದೆ. ತಮಿಳು, ಮಲಯಾಳಂನಲ್ಲಿ ಉಳಿದಿದೆ. ಲೋಕದಲ್ಲೇ ಸಿಗುವುದು ಕಡಿಮೆ. ಹಳೇಬೀಡಿನ ‘ಹಳೆ’ ಕೂಡ ಮೊದಲು ‘ಪೞೆ’ ಆಗಿತ್ತು. ಹೊಯ್ಸಳರ ಆ ಊರಿನ ಹೆಸರಿನ ಮೊದಲ ಎರಡು ಅಕ್ಷರದಲ್ಲೇ ಎರಡು ದನಿಗಳ ಬದಲಾವಣೆ ಅಡಗಿದೆ.

ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು ಮಾಡಿ ಮಾತಾಡುವ ಭಾಷೆ ನಿಜವಾಗಲೂ ಇದೆಯಾ?

ಇದೆ. ಅಯ್ಯೋ ಪಾಪ ಅನ್ನುವಾಗ ನಾವು ‘ಚ್ಚ್ ಚ್ಚ್’ ಅಂತ ಲೊಚಗುಟ್ಟುತ್ತೇವಲ್ಲ, ಆಫ್ರಿಕಾದ ದಕ್ಷಿಣ ಭಾಗದಲ್ಲಿ ಅದು ‘ಕ’, ‘ತ’ದ ಹಾಗೆ ಪದದೊಳಗೇ ಬರುವ ವ್ಯಂಜನ. ಖೋಸಾ ಭಾಷೆಯ ಹೆಸರೇ ಅಂಥ ದನಿಯಿಂದ ಶುರುವಾಗುತ್ತದೆ. ನಾವು ‘ಖ’ ಅಂತ ಬರೆಯುವುದು ಬೇರೆ ದಾರಿ ಇಲ್ಲದೆ. ನಮ್ಮ ಬಾಯಿಗೂ ಈ ದನಿ ಬರುತ್ತದೆ, ನಾವು ಅದನ್ನು ಪದ ಕಟ್ಟಲು ಬಳಸಲಿಲ್ಲ ಅಷ್ಟೇ.

ಎಲ್ಲ ಕಡೆ ಅಮ್ಮ ‘ಮ’ದಿಂದಲೇ ಯಾಕೆ?

ಎಲ್ಲ ಕಡೆ ಅಲ್ಲ, ಬಹಳ ಕಡೆ. ರೋಮನ್ ಯಾಕೊಬ್ಸನ್ ಎಂಬ ಭಾಷಾವಿಜ್ಞಾನಿ ಹೇಳಿದ್ದು, ಹಾಲು ಕುಡಿಯುವಾಗ ಮಗುವಿನ ಬಾಯಿ ಮುಚ್ಚಿರುತ್ತದೆ, ಮೂಗಿನಿಂದ ಬರುವ ಆ ಸದ್ದೇ ಮುಂದೆ ತಾಯಿಯನ್ನು ಕರೆಯುವ ಸದ್ದಾಗುತ್ತದೆ ಅಂತ. ಜಾರ್ಜಿಯನ್ ಭಾಷೆಯಲ್ಲಿ ಮಾತ್ರ ‘ಮಾಮಾ’ ಅಂದರೆ ಅಪ್ಪ, ‘ದೆದಾ’ ಅಂದರೆ ಅಮ್ಮ.

ದನಿಗಳು ಸತ್ತುಹೋಗುತ್ತವಾ?

ಭಾಷೆಯ ಜೊತೆ ಹೋಗುತ್ತವೆ. ಉಬಿಖ್ ಎಂಬ ಭಾಷೆಯಲ್ಲಿ 80ಕ್ಕೂ ಹೆಚ್ಚು ವ್ಯಂಜನ, ಎರಡೇ ಸ್ವರ. ಅದನ್ನು ಆಡುತ್ತಿದ್ದ ಕೊನೆಯ ವ್ಯಕ್ತಿ ತೆವ್ಫಿಕ್ ಎಸೆಂಚ್ 1992ರಲ್ಲಿ ತುರ್ಕಿಯಲ್ಲಿ ತೀರಿಕೊಂಡರು. ಅವರ ದನಿ ರೆಕಾರ್ಡಿಂಗಿನಲ್ಲಿ ಉಳಿದಿದೆ. ಅಪ್ಪನ ಮಾತನ್ನೂ ನಾನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದೇನೆ. ‘ಆಲು’, ‘ಓಗು’, ‘ಅಸೀನ ಮೆಣಸಿನಕಾಯಿ’ ಎಲ್ಲ ಇದೆ. ಹಿಡಿದಿಡುತ್ತೇನೆ ಅಂದಾಗ ಮೊದಲು ಅವರು ನಾಚಿಕೊಂಡರು.

ನನ್ನ ಮಗು ‘ಳ’ ಹೇಳುವ ಕಡೆ ‘ಲ’ ಅನ್ನುತ್ತದೆ. ಏನು ಮಾಡಲಿ?

ಮೂರು ನಾಲ್ಕು ವರ್ಷದ ಮಗುವಾದರೆ ಕಾಯಿರಿ. ಮ, ಪ, ಬ ಮೊದಲು ಬರುತ್ತವೆ. ರ, ಳ, ಷ ತಡವಾಗಿ ಬರುತ್ತವೆ. ಬೈಯಬೇಡಿ, ನೆಂಟರ ಮುಂದೆ ಹೇಳಿಸಿ ನಗಬೇಡಿ. ಕನ್ನಡಿ ಮುಂದೆ ಕೂರಿಸಿಕೊಂಡು ನಾಲಿಗೆಯ ತುದಿಯನ್ನು ಅಂಗುಳದ ಗುಳಿಯ ತನಕ ಮಡಚಿ ತೋರಿಸಿ. ಅಲ್ಲಿಂದ ಮುಂದಕ್ಕೆ ಬೀಳಿಸಿದರೆ ‘ಳ’ ಬರುತ್ತದೆ. ‘ಹಲ್ಲಿ’, ‘ಹಳ್ಳಿ’ ಎರಡನ್ನೂ ನೀವು ಹೇಳಿ, ಯಾವುದು ಅಂತ ಮಗು ಬೆರಳು ಮಾಡಿ ತೋರಿಸಲಿ. ಆರೇಳು ವರ್ಷ ದಾಟಿದ ಮೇಲೂ ಹಲವು ದನಿಗಳು ಬರದಿದ್ದರೆ, ಅಥವಾ ಕರೆದರೆ ತಿರುಗಿ ನೋಡುತ್ತಿಲ್ಲ ಅನ್ನಿಸಿದರೆ ಎಷ್ಟೇ ವಯಸ್ಸಾಗಿರಲಿ, ಮೊದಲು ಕಿವಿ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹಾಸನದಿಂದ ಬೆಳಗಿನ ಬಸ್ಸು ಹತ್ತಿದರೆ ಸಂಜೆಗೆ ವಾಪಸ್ ಬರಬಹುದು.